ಮೂಲೆ ಖಾಲಿಯಾದರೆ ಕೆಲಸ ಮುಗಿಯಿತೇ?

ಮನೆ ಒಪ್ಪ ಮಾಡಲು ಹೊರಟವರಿಗೆ ಇತ್ತೀಚೆಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಇಡೀ ಮನೆಗೆ ಒಮ್ಮೆಲೇ ಕೈ ಹಾಕಬೇಡಿ, ಒಂದು ಸಲಕ್ಕೆ ಒಂದೇ ಜಾಗ ಹಿಡಿಯಿರಿ. ಇವತ್ತು ಅಡುಗೆಮನೆಯ ಒಂದು ಡ್ರಾವರ್, ನಾಳೆ ಚಪ್ಪಲಿ ಸ್ಟ್ಯಾಂಡ್, ನಾಡಿದ್ದು ಬಚ್ಚಲಮನೆಯ ಕಪಾಟು. ಅಮೆರಿಕದ ಮಾರ್ಲಾ ಸಿಲಿ ‘ಫ್ಲೈಲೇಡಿ’ ಎಂಬ ಹೆಸರಿನಲ್ಲಿ ಮನೆಯನ್ನು ವಲಯಗಳಾಗಿ ಹಂಚಿ, 15 ನಿಮಿಷಕ್ಕೆ ಟೈಮರ್ ಇಟ್ಟುಕೊಂಡು ಒಂದೊಂದಾಗಿ ಮುಗಿಸುವ ಕ್ರಮವನ್ನು ಹೆಸರುವಾಸಿ ಮಾಡಿದರು. ಅದೇ ಕ್ರಮ ಈಗ ನೂರು ರೂಪಗಳಲ್ಲಿ ಪುಣೆಯ ಕೋಥರೂಡ, ವಾರಜೆ, ಪಿಂಪಳೆ ಸೌದಾಗರದ ಎರಡು ಕೋಣೆಯ ಫ್ಲ್ಯಾಟುಗಳಿಗೂ ಬಂದಿದೆ. ಪದ್ಧತಿ ಒಳ್ಳೆಯದು, ನಮ್ಮ ಮನೆಗಳಿಗೆ ಒಗ್ಗುವಂಥದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ನಡುದಾರಿಯಲ್ಲಿ ನಿಂತುಬಿಡುತ್ತದೆ. ಕಪಾಟು ಹಗುರಾದ ಕೂಡಲೇ ಕೆಲಸ ಮುಗಿಯಿತು ಅನ್ನುತ್ತದೆ. ಕಪಾಟಿನಿಂದ ಹೊರಬಿದ್ದದ್ದು ಎಲ್ಲಿಗೆ ಹೋಯಿತು, ಯಾರ ಕೈ ಸೇರಿತು ಎಂದು ಕೇಳುವುದಿಲ್ಲ.

ಈ ಪದ್ಧತಿಗೆ ಗಟ್ಟಿಯಾದ ಆಕ್ಷೇಪ ಎತ್ತಿದವರು ಜಪಾನಿನ ಮಾರಿ ಕೊಂಡೊ. ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು, 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೂ ಬಂತು. ಜಾಗ ಹಿಡಿದು ಹೊರಟರೆ ಕೆಲಸ ಎಂದೂ ಮುಗಿಯದು, ವಸ್ತುವಿನ ಬಗೆ ಹಿಡಿದು ಹೊರಡಿ ಎಂಬುದು ಅವರ ವಾದ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಟ್ಟಕಡೆಗೆ ನೆನಪಿನ ವಸ್ತು. ಒಂದೇ ಬಗೆಯ ಸಾಮಾನು ಮನೆಯ ಮೂರು ಕಡೆ ಚದುರಿರುವಾಗ ನಮ್ಮಲ್ಲಿ ಅದು ಎಷ್ಟಿದೆ ಎಂಬುದೇ ತಿಳಿಯುವುದಿಲ್ಲ ಎಂದು ಅವರು ಹೇಳುವುದು ಅಕ್ಷರಶಃ ನಿಜ. ಪುಣೆಯ ಯಾವುದೇ ಮನೆಯಲ್ಲಿ ರೇನ್‌ಕೋಟು, ಛತ್ರಿ, ಬಟ್ಟೆಯ ಕೈಚೀಲಗಳನ್ನೆಲ್ಲ ಒಂದು ಕಡೆ ರಾಶಿ ಹಾಕಿದರೆ ಮನೆಯವರೇ ದಂಗಾಗುತ್ತಾರೆ.

ಆದರೂ ಕೊಂಡೊ ಅವರ ದಾರಿ ನಮ್ಮ ಮನೆಗಳಲ್ಲಿ ನಡೆಯುವುದು ಕಷ್ಟ. ಆ ದಾರಿಯ ಜೀವಾಳ ಇರುವುದು ಒಬ್ಬರೇ ಕೂತು, ವಸ್ತುವನ್ನು ಕೈಯಲ್ಲಿ ಹಿಡಿದು, ಇದು ನನಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳುವುದರಲ್ಲಿ. ವಿಜಯಪುರದಿಂದಲೋ ಕಲಬುರಗಿಯಿಂದಲೋ ಬಂದು ಪುಣೆಯಲ್ಲಿ ನೆಲೆನಿಂತ ಮನೆಯಲ್ಲಿ ಹಾಗೆ ಒಬ್ಬರೇ ತೀರ್ಮಾನಿಸುವ ವಸ್ತುಗಳೇ ಕಡಿಮೆ. ಟ್ರಂಕಿನಲ್ಲಿರುವ ಇಳಕಲ್ ಸೀರೆ ಉಡುವವಳು ಸೊಸೆಯಾದರೂ ಅದು ಅತ್ತೆಯ ತವರಿನದು. ಹಿತ್ತಾಳೆಯ ಕೊಳಗದ ಮೇಲೆ ಊರಿನ ಅಣ್ಣತಮ್ಮಂದಿರ ಹಕ್ಕೂ ಇದೆ. “ಇರಲಿ ಬಿಡವಾ, ಎಂದರ ಒಂದಿನ ಬೇಕಾಗ್ತದ” ಎಂದು ಅತ್ತೆ ಅಂದ ಮೇಲೆ ಸೊಸೆಯ ಸಂತೋಷದ ಪ್ರಶ್ನೆ ಏಳುವುದೇ ಇಲ್ಲ. ಮನೆಯ ಬಟ್ಟೆಯನ್ನೆಲ್ಲ ಹಾಲಿನಲ್ಲಿ ಗುಡ್ಡೆ ಹಾಕಿದರೆ ಮನೆಯ ಜಗಳವನ್ನೂ ಅಲ್ಲೇ ಗುಡ್ಡೆ ಹಾಕಿದಂತಾಗುತ್ತದೆ. ಜಾಗ ಹಿಡಿದು ಹೊರಟರೆ ಈ ತೊಡಕು ಎಷ್ಟೋ ಕಡಿಮೆ, ಏಕೆಂದರೆ ಪ್ರತಿ ಜಾಗಕ್ಕೂ ಒಬ್ಬರು ಒಡೆಯರಿದ್ದಾರೆ. ದೇವರ ಗೂಡು ಅತ್ತೆಯದು, ಓದುವ ಮೇಜು ಮಗನದು, ಬಾಲ್ಕನಿಯ ಸ್ಕ್ರೂ ಡ್ರೈವರ್ ಡಬ್ಬಿ ಮಾವನದು. ಅವರವರ ಜಾಗಕ್ಕೆ ಅವರವರೇ ಕೈ ಹಾಕುತ್ತಾರೆ, ಬೇರೆಯವರು ಚೀಲ ಹಿಡಿದು ನಿಂತರೆ ಸಾಕು.

ದಿನಕ್ಕೆ ಒಂದೇ ಕೆಲಸ ಹಿಡಿಯುವುದು ನಮ್ಮವರಿಗೆ ಹೊಸದೂ ಅಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಹಾನವಮಿಗೆ ಮೊದಲು ಕೌದಿ, ಚಾದರ, ಹಾಸಿಗೆ ಬಟ್ಟೆಗಳನ್ನೆಲ್ಲ ಹಳ್ಳಕ್ಕೋ ಬಾವಿಗೋ ಒಯ್ದು ಒಗೆಯುವುದಕ್ಕೇ ಒಂದು ದಿನ ಮೀಸಲು. ಪಾತ್ರೆ ಬೆಳಗಲು ಇನ್ನೊಂದು ದಿನ, ಕಾಳಿನ ಡಬ್ಬಿ ಒಣಗಿಸಲು ಮತ್ತೊಂದು ದಿನ. ಪುಣೆಯ ಮರಾಠಿ ಮನೆಗಳಲ್ಲೂ ಘಟಸ್ಥಾಪನೆಗೆ ಮೊದಲು ಒಂದು ಸುತ್ತು, ದೀಪಾವಳಿಯ ಫರಾಳದ ತಿಂಡಿಗಳಿಗೆ ಒಲೆ ಹಚ್ಚುವ ಮೊದಲು ಇನ್ನೊಂದು ಸುತ್ತು ಸ್ವಚ್ಛತೆ ನಡೆಯುತ್ತದೆ. ಲಕ್ಷ್ಮೀಪೂಜೆಯ ದಿನ ಹೊಸ ಕಸಬರಿಗೆ ತಂದು, ಅದಕ್ಕೆ ಅರಿಶಿನ ಕುಂಕುಮ ಏರಿಸಿ ಲಕ್ಷ್ಮಿಯೆಂದೇ ಪೂಜಿಸುವ ಊರಿದು.

ಇನ್ನು ಪದ್ಧತಿಯ ದೋಷ. ಜಾಗ ಹಿಡಿದು ಒಪ್ಪ ಮಾಡುವಾಗ ವಸ್ತು ಮನೆಯಿಂದ ಹೊರಹೋಗುವುದಕ್ಕಿಂತ ಪಕ್ಕದ ಜಾಗಕ್ಕೆ ಸರಿಯುವುದೇ ಹೆಚ್ಚು. ಡ್ರಾವರಿನದು ಡ್ರೈ ಬಾಲ್ಕನಿಗೆ, ಅಲ್ಲಿಂದ ಮಂಚದ ಕೆಳಗಿನ ಪೆಟ್ಟಿಗೆಗೆ, ಅಲ್ಲಿಂದ ಅಟ್ಟಕ್ಕೆ. ಪುಣೆಯ ಫ್ಲ್ಯಾಟಿನಲ್ಲಿ ಬಚ್ಚಲಮನೆಯ ಮೇಲೋ ಅಡುಗೆಮನೆಯ ಮೇಲೋ ಇರುವ ಆ ಅಟ್ಟಕ್ಕೆ ನ್ಯಾಯವಾದ ಕೆಲಸವೇ ಬೇಕಾದಷ್ಟಿದೆ. ಗಣಪತಿಯ ಮಖರ, ಗೌರಿಯ ಮುಖವಾಡ, ಆಕಾಶಬುಟ್ಟಿ, ಏಪ್ರಿಲ್–ಮೇ ತಿಂಗಳ ಕೂಲರ್, ಡಿಸೆಂಬರಿನ ರಗ್ಗು, ಇವೆಲ್ಲ ವರ್ಷಕ್ಕೊಮ್ಮೆ ಇಳಿದು ಮತ್ತೆ ಏರುವವು, ಅಲ್ಲಿರಬೇಕಾದವು. ಇವುಗಳ ನಡುವೆ ಕೆಟ್ಟ ಮಿಕ್ಸರ್, ಹಳೆಯ ಟೇಪ್ ರೆಕಾರ್ಡರ್, ಟಿವಿಯ ಥರ್ಮೋಕೋಲ್ ಸೇರಿಕೊಂಡಾಗಲೇ ಅಟ್ಟ ಕೆಡುವುದು. ಅಟ್ಟದಿಂದ ಆರಂಭಿಸಿ ಎಂದು ಉತ್ಸಾಹದಿಂದ ಹೇಳುವವರನ್ನು ನಾನು ಒಪ್ಪಲಾರೆ. ಅಟ್ಟ ಕೊನೆಗಿರಲಿ. ಆದರೆ ಕೆಳಗಿನ ಜಾಗಗಳು ಮುಗಿಯುವತನಕ ಒಂದು ವಸ್ತುವನ್ನೂ ಅಟ್ಟಕ್ಕೆ ಏರಿಸುವುದಿಲ್ಲ ಎಂಬ ನಿಯಮ ಮೊದಲ ದಿನವೇ ಜಾರಿಯಾಗಲಿ.

ಮುಠಾ ನದಿಯ ಬದಿಯ ಕೆಳಮಹಡಿಯ ಮನೆಗಳಿಗೆ ಬೇರೆಯದೇ ಲೆಕ್ಕ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದಾಗ ನದಿಯಂಚಿನ ಪೇಟೆಗಳ ವಾಡೆಗಳು ಮುಳುಗಿದವು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯ ಕೆಳಮನೆಗಳಿಗೆ ನೀರು ನುಗ್ಗಿತು. ಅಂಥ ಮನೆಯವರು ಮೊದಲು ಹಿಡಿಯಬೇಕಾದ ಜಾಗ ಗಾಡ್ರೆಜ್ ಕಪಾಟಿನ ಕೆಳಖಾನೆ ಮತ್ತು ಮಂಚದ ಪೆಟ್ಟಿಗೆ. ಮನೆಪತ್ರ, ಅಂಕಪಟ್ಟಿ, ಮದುವೆಯ ಆಲ್ಬಂ ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಎಲ್ಲರಿಗೂ ಒಂದೇ ಅನುಕ್ರಮ ಹಾಕಿಕೊಡುವ ಪಟ್ಟಿಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆ ಪಟ್ಟಿಗಳು ಅಡುಗೆಮನೆಯಲ್ಲಂತೂ ಪೂರ್ತಿ ಸೋಲುತ್ತವೆ. ಇಷ್ಟು ತಿಂಗಳು ಬಳಸದ್ದನ್ನು ಬಿಸಾಡಿ ಎನ್ನುವ ಸೂತ್ರ ವಾರಕ್ಕೊಮ್ಮೆ ಸೂಪರ್ ಮಾರ್ಕೆಟ್ಟಿಗೆ ಹೋಗುವವರದು. ಊರಿನಿಂದ ಜೋಳದ ಚೀಲ ಬರುವ, ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಶಾವಿಗೆ ಒಣಗಿಸಿ ಮಳೆಗಾಲಕ್ಕೆ ಕಟ್ಟಿಡುವ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ತುಂಬಿಡುವ ಮನೆಗೆ ಅದು ಹೊಂದುವುದಿಲ್ಲ. ಮೇ ತಿಂಗಳಲ್ಲಿ ತುಂಬಿದ ಡಬ್ಬಿಗಳು ಮುಂದಾಲೋಚನೆಯ ಫಲ, ಅವನ್ನು ರಾಶಿ ಬಿದ್ದ ಸಾಮಾನೆಂದು ಕರೆಯುವುದು ತಪ್ಪು. ಅಡುಗೆಮನೆಯಲ್ಲಿ ನೋಡಬೇಕಾದದ್ದು ಪ್ರಮಾಣವನ್ನಲ್ಲ, ಕಾಲವನ್ನು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪುಣೆಯ ಗಾಳಿಯಲ್ಲಿ ತೇವ ಹೆಚ್ಚು. ರವೆ, ಹಿಟ್ಟು, ಬೇಳೆಗೆ ಹುಳ ಬೀಳುವ ದಿನಗಳು ಅವೇ. ಹಾಗಾಗಿ ಕಾಳಿನ ಡಬ್ಬಿಗಳನ್ನು ಮಳೆ ಹಿಡಿಯುವ ಮೊದಲು ಒಂದು ಸಲ, ನವರಾತ್ರಿಗೆ ಮುಂಚೆ ಇನ್ನೊಂದು ಸಲ ತೆರೆದು ಬಿಸಿಲಿಗಿಟ್ಟರೆ ಉಳಿದ ವರ್ಷ ಹೆಚ್ಚು ಚಿಂತೆಯಿಲ್ಲ. ಅಡುಗೆಮನೆಯಲ್ಲಿ ನಿಜಕ್ಕೂ ಜಾಗ ನುಂಗುವವು ಹೋಟೆಲಿನಿಂದ ಬಂದ ಪ್ಲಾಸ್ಟಿಕ್ ಡಬ್ಬಿಗಳು, ಮುಚ್ಚಳ ಕಳೆದುಕೊಂಡ ಬಾಟಲಿಗಳು, ಬಾಗಿನದಲ್ಲಿ ಬಂದು ಬಿಚ್ಚದೇ ಉಳಿದ ಸ್ಟೀಲ್ ಬಟ್ಟಲುಗಳು. ಮೊದಲು ಇವು ಹೊರಡಲಿ.

ತಾಮ್ರ, ಹಿತ್ತಾಳೆಯ ವಿಷಯದಲ್ಲಿ ಅವಸರ ಬೇಡ. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ಪೇಶ್ವೆಗಳ ಕಾಲದಿಂದ ತಾಮ್ರ ಬಡಿಯುವವರ ಮನೆತನಗಳಿವೆ. ನೀರು ಕಾಯಿಸುವ ಬಂಬದಿಂದ ಹಿಡಿದು ಪೂಜೆಯ ತಂಬಿಗೆಯವರೆಗೆ ಅವರ ಸುತ್ತಿಗೆಯ ಕೆಳಗೆ ರೂಪ ಪಡೆದಿವೆ. ತಗ್ಗು ಬಿದ್ದ ಹಂಡೆಯನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಅಂಥವರ ಕಣ್ಣಿಗೆ ತೋರಿಸುವುದು, ಕಲಾಯಿ ಹಾಕಿಸಿದರೆ ಬಳಕೆಗೆ ಬರುವುದೇ ಎಂದು ಕೇಳುವುದು ಒಳ್ಳೆಯದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪುಣೆಯಲ್ಲಿ ಮನೆಮನೆಯ ಕಸ ಎತ್ತುವವರಲ್ಲಿ ಬಹುಪಾಲು ‘ಸ್ವಚ್ಛ’ ಸಹಕಾರಿ ಸಂಸ್ಥೆಯ ಸದಸ್ಯರು, ಅವರಲ್ಲಿ ಹೆಚ್ಚಿನವರು ಮಹಿಳೆಯರು. ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆ ಕಟ್ಟಿಕೊಂಡರು. ಆ ಸಂಘಟನೆಯ ಬಲದಿಂದಲೇ ಹುಟ್ಟಿದ ‘ಸ್ವಚ್ಛ’ಕ್ಕೆ 2008ರಲ್ಲಿ ಪುಣೆ ಮಹಾನಗರಪಾಲಿಕೆ ಮನೆಬಾಗಿಲಿನಿಂದ ಕಸ ಎತ್ತುವ ಕೆಲಸ ಒಪ್ಪಿಸಿತು. ಮನೆಗಳು ಕೊಡುವ ತಿಂಗಳ ಶುಲ್ಕದ ಜತೆಗೆ ಒಣಕಸ ವಿಂಗಡಿಸಿ ಮಾರಿದ ಹಣವೂ ಅವರ ದುಡಿಮೆಯ ಭಾಗ. ಅಂದರೆ ನಾವು ಒಣಗಿದ್ದು, ಚೊಕ್ಕಟವಾದದ್ದು ಕೊಟ್ಟರೆ ಅದು ಅವರ ಗಳಿಕೆ. ಸಾಂಬಾರು ಮೆತ್ತಿದ ಡಬ್ಬಿ, ಒದ್ದೆ ಪುಸ್ತಕ, ಒಡೆದ ಗಾಜು ಒಂದೇ ಚೀಲಕ್ಕೆ ತುರುಕಿದರೆ ಅವರಿಗೆ ನಷ್ಟ, ಕೈಗೆ ಗಾಯ.

ಒಂದು ಸಲಕ್ಕೆ ಒಂದು ಜಾಗ ಎಂಬ ಪದ್ಧತಿಯ ದೊಡ್ಡ ಗುಣ ನನಗೆ ಕಾಣುವುದು ಇಲ್ಲಿಯೇ, ಅದನ್ನು ಬೋಧಿಸುವವರು ಮಾತ್ರ ಇದನ್ನು ಹೇಳಿದ್ದು ಕಂಡಿಲ್ಲ. ದೀಪಾವಳಿಗೆ ಎರಡು ದಿನ ಇರುವಾಗ ಸೊಸೈಟಿಯ ಅಷ್ಟೂ ಮನೆಗಳು ಒಮ್ಮೆಲೇ ಕಸ ಹೊರಹಾಕಿದರೆ ತಳ್ಳುಗಾಡಿಯ ಆ ಒಬ್ಬ ಹೆಣ್ಣುಮಗಳು ಏನು ಮಾಡಬೇಕು? ವಿಂಗಡಿಸಲು ಹೊತ್ತಿಲ್ಲದೆ ಎಲ್ಲವೂ ಕಲಸಿಹೋಗುತ್ತದೆ, ಕಲಸಿದ್ದು ಮಾರಾಟವಾಗದೆ ಕಸದ ಡಿಪೋ ದಾರಿ ಹಿಡಿಯುತ್ತದೆ. ಪುಣೆಯ ಕಸವನ್ನು ವರ್ಷಾನುಗಟ್ಟಲೆ ತಮ್ಮ ಊರಿನಲ್ಲಿ ಸುರಿಸಿಕೊಂಡ ಉರುಳಿ ದೇವಾಚಿ, ಫುರಸುಂಗಿಯ ಜನ ಮತ್ತೆ ಮತ್ತೆ ಬೀದಿಗಿಳಿದು ಪ್ರತಿಭಟಿಸಿದ್ದು ಇಂಥ ಕಸದ ವಿರುದ್ಧವೇ. ಒಂದು ದಿನಕ್ಕೆ ಒಂದು ಖಾನೆಯಷ್ಟೇ ಖಾಲಿಯಾದರೆ ಹೊರಬರುವುದು ಒಂದು ಕೈಚೀಲದಷ್ಟು. ಅದನ್ನು ನಾವೇ ವಿಂಗಡಿಸಬಹುದು, ಅವರೂ ಹೊರಬಹುದು. ಮಂಚ, ಗಾದಿ, ಹಳೆಯ ಬಟ್ಟೆ, ಕೆಟ್ಟ ವಿದ್ಯುತ್ ಸಾಮಾನುಗಳಿಗಾಗಿ ‘ಸ್ವಚ್ಛ’ದ ‘ವಿ ಕಲೆಕ್ಟ್’ ವ್ಯವಸ್ಥೆಯಿದೆ. ಬಳಕೆಗೆ ಬರುವ ಚಿಲ್ಲರೆ ಸಾಮಾನಿಗೆ ಮಂಗಳವಾರ ಪೇಟೆಯ ಕಡೆ ಬುಧವಾರ, ಭಾನುವಾರ ಸೇರುವ ಜುನಾ ಬಾಜಾರ ಇದೆ. ಹಳೆಯ ಸೀರೆ ಪಡೆದು ಪಾತ್ರೆ ಕೊಡುವ ಬೋಹಾರೀಣಬಾಯಿ ಈಗಲೂ ಕೆಲವು ಓಣಿಗಳಿಗೆ ಬರುತ್ತಾಳೆ. ಸವೆದ ನೂಲಿನ ಸೀರೆಯಾದರೆ ಅದಕ್ಕೂ ಮೊದಲು ಕೌದಿಯ ಲೆಕ್ಕ ಹಾಕಬೇಕು. ಕೌದಿ ಹೊಲಿಯುವ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ.

ಕನ್ನಡ ಪುಸ್ತಕಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅಪ್ಪಾ ಬಳವಂತ ಚೌಕದ ಸುತ್ತ ಮರಾಠಿ, ಇಂಗ್ಲಿಷ್ ಪುಸ್ತಕಗಳಿಗೆ ಮರುಮಾರಾಟದ ದಾರಿಯಿದೆ. ಕನ್ನಡದ್ದು ಪುಣೆಯ ರದ್ದಿ ಅಂಗಡಿಯಲ್ಲಿ ಬರೀ ಕಾಗದದ ತೂಕ. ಪುಸ್ತಕದ ಶೆಲ್ಫಿಗೆ ಕೈ ಹಾಕುವ ಮುನ್ನ ಗಣೇಶನಗರದ ಕನ್ನಡ ಸಂಘದವರನ್ನು ಕೇಳಿ, ಕನ್ನಡ ಓದುವ ನೆರೆಯವರನ್ನು ಕೇಳಿ, ಊರಿನ ಶಾಲೆಯನ್ನು ಕೇಳಿ. ಉತ್ತರ ಬರುವವರೆಗೆ ಆ ಶೆಲ್ಫ್ ತುಂಬಿಯೇ ಇದ್ದರೂ ನಷ್ಟವಿಲ್ಲ.

ಬೇಡವಾದದ್ದರ ಬೆಲೆ ಎಷ್ಟಿರಬಹುದು ಎಂಬುದನ್ನು ಕಣ್ಣಾರೆ ಕಾಣಬೇಕಾದರೆ ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳಕರ ಸಂಗ್ರಹಾಲಯಕ್ಕೆ ಹೋಗಬೇಕು. ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಕವಿತೆ ಬರೆಯುತ್ತಿದ್ದ ದಿನಕರ ಗಂಗಾಧರ ಕೇಳಕರ (1896–1990) ಊರೂರು ಅಲೆದು ಕೂಡಿಹಾಕಿದ್ದು ಅಡಕತ್ತರಿ, ದೀಪ, ಬಾಚಣಿಗೆ, ಬೀಗ, ಕಾಲುಜ್ಜುವ ವಜ್ರಿ, ಕುಂಕುಮದ ಭರಣಿಯಂಥ ದಿನಬಳಕೆಯ ವಸ್ತುಗಳನ್ನು. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ಆ ಸಂಗ್ರಹಾಲಯವನ್ನು ಅರ್ಪಿಸಿದರು. ಅಲ್ಲಿನ ಅಡಕತ್ತರಿಗಳ ಸಾಲನ್ನು ನೋಡಿದವರು ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯನ್ನು ಸುಲಭಕ್ಕೆ ತೂಕಕ್ಕೆ ಹಾಕಲಾರರು. ಆದರೆ ಇದನ್ನೇ ನೆಪ ಮಾಡಿಕೊಂಡು ಎಲ್ಲವನ್ನೂ ಉಳಿಸಿಕೊಳ್ಳುವುದೂ ಸಲ್ಲ. ಕೇಳಕರರು ಆರಿಸಿದರು, ಒರೆಸಿದರು, ಜನರ ಕಣ್ಣೆದುರು ಇಟ್ಟರು. ಅಟ್ಟದ ಗೋಣಿಯಲ್ಲಿ ಕಟ್ಟಿಟ್ಟ ಅಡಕತ್ತರಿಗೆ ಆ ಭಾಗ್ಯವಿಲ್ಲ. ಅಜ್ಜಿಯದೊಂದು ವಸ್ತುವನ್ನು ಉಳಿಸುವುದಾದರೆ ಹಾಲಿನಲ್ಲಿಟ್ಟು, ಅದು ಯಾರದು, ಯಾವ ಊರಿನದು ಎಂದು ಮಕ್ಕಳಿಗೆ ಹೇಳಬೇಕು.

ಈ ಕೆಲಸವೆಲ್ಲ ಹೆಂಗಸರ ತಲೆಗೇ ಬರುತ್ತದೆ ಎಂಬುದನ್ನೂ ಮುಚ್ಚಿಡಬಾರದು. 2010ರಲ್ಲಿ ಅಮೆರಿಕದ ಸಂಶೋಧಕರಾದ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮನೆ ಅಸ್ತವ್ಯಸ್ತವಾಗಿದೆ, ಕೆಲಸ ಬಾಕಿಯಿದೆ ಎಂದು ಬಣ್ಣಿಸಿದ ಹೆಂಡತಿಯರಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಮಟ್ಟ ದಿನ ಕಳೆದಂತೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ದೇಹ ಒತ್ತಡದಲ್ಲಿರುವುದರ ಗುರುತು ಅದು. ಪುಣೆಯ ನೌಕರಿಯ ಹೆಣ್ಣುಮಗಳು ಹಿಂಜವಡಿಯಿಂದ ಟ್ರಾಫಿಕ್ ದಾಟಿ ಮನೆಗೆ ಬಂದ ಮೇಲೆ 15 ನಿಮಿಷದ ಟೈಮರ್ ಕೂಡ ಅವಳೇ ಇಟ್ಟುಕೊಳ್ಳಬೇಕೆಂದರೆ ಅದು ನ್ಯಾಯವಲ್ಲ. ಜಾಗ ಹಿಡಿದು ಮಾಡುವ ಪದ್ಧತಿಯಲ್ಲಿ ಕೆಲಸ ಹಂಚಿಕೊಳ್ಳುವುದು ಸುಲಭ. ಆ ಅನುಕೂಲವನ್ನು ಬಳಸಿಕೊಳ್ಳದ ಮನೆಯಲ್ಲಿ ಪದ್ಧತಿ ಎಷ್ಟು ಚೆನ್ನಾಗಿದ್ದರೂ ಅವಳಿಗೆ ಇನ್ನೊಂದು ಹೊರೆಯಷ್ಟೇ.

ಹಾಗಾಗಿ ನಾನು ಒಂದು ಸಲಕ್ಕೆ ಒಂದು ಜಾಗ ಎಂಬ ಕ್ರಮದ ಪರ. ಅದಕ್ಕೆ ನಾನು ಸೇರಿಸುವ ಷರತ್ತು ಒಂದೇ: ಒಂದು ಖಾನೆಯಿಂದ ತೆಗೆದದ್ದು ಮನೆಯ ಹೊಸ್ತಿಲು ದಾಟಿ, ಅದನ್ನು ಬಳಸುವವರದೋ ಮಾರುವವರದೋ ಕೈ ಸೇರುವ ತನಕ ಎರಡನೆಯ ಖಾನೆಯ ಬಾಗಿಲು ತೆರೆಯಬೇಡಿ. ಈ ವರ್ಷದ ನವರಾತ್ರಿಗೆ ಕಾಯದೆ, ನಿಮ್ಮ ಬಾಗಿಲಿಗೆ ಬರುವ ‘ಸ್ವಚ್ಛ’ದ ತಾಯಿಯನ್ನು ನಾಳೆಯೇ ಕೇಳಿ: ಯಾವ ದಿನ ಏನು ಕೊಟ್ಟರೆ ನಿಮಗೆ ಅನುಕೂಲ ಎಂದು. ನಿಮ್ಮ ಮನೆಯ ಅನುಕ್ರಮವನ್ನು ಆ ಉತ್ತರದ ಮೇಲೆ ಹಾಕಿಕೊಳ್ಳಿ.