ಶಬ್ದಪ್ರಮಾಣವೂ ಗುದ್ದಲಿಯ ಸಾಕ್ಷ್ಯವೂ

ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಪ್ರಾಚೀನ ಹೀಬ್ರೂ ಧರ್ಮಗ್ರಂಥದಲ್ಲಿ ಹೇಳಿರುವ ವೃತ್ತಾಂತಗಳು ನಿಜವಾಗಿ ನಡೆದುವೇ ಎಂಬ ಪ್ರಶ್ನೆಗೆ ಭೂಗರ್ಭದಿಂದ ಉತ್ತರವನ್ನು ತೆಗೆಯುವ ಪ್ರಯತ್ನವು ನೂರೈವತ್ತು ವರ್ಷಗಳಿಗೂ ಮಿಕ್ಕು ನಡೆದುಬಂದಿದೆ. ಈ ಪ್ರಯತ್ನದ ಫಲವನ್ನು ಸಾಮಾನ್ಯ ವಾಚಕರಿಗೆ ತಿಳಿಯಹೇಳಿದ ಗ್ರಂಥಗಳಲ್ಲಿ ಎರಡು ವಿಶೇಷವಾಗಿ ಪ್ರಚಾರ ಪಡೆದಿವೆ. ಒಂದು, ಜರ್ಮನಿಯ ಪತ್ರಿಕಾಲೇಖಕ ವೆರ್ನರ್ ಕೆಲ್ಲರನು ೧೯೫೫ರಲ್ಲಿ ಪ್ರಕಟಿಸಿದುದು; ‘ಆದರೂ ಬೈಬಲೇ ಸರಿ’ ಎಂಬುದು ಅದರ ಹೆಸರಿನ ತಾತ್ಪರ್ಯ. ಇನ್ನೊಂದು, ಪುರಾತತ್ತ್ವಜ್ಞ ಇಸ್ರೇಲ್ ಫಿಂಕೆಲ್‌ಸ್ಟೈನ್, ನೀಲ್ ಸಿಲ್ಬರ್‌ಮನ್ ಎಂಬಿಬ್ಬರು ೨೦೦೧ರಲ್ಲಿ ಹೊರತಂದ ‘ದಿ ಬೈಬಲ್ ಅನ್‌ಅರ್ತ್ಡ್’. ಮೊದಲನೆಯದು ಗುದ್ದಲಿಯನ್ನು ಗ್ರಂಥದ ಪರವಾದ ಸಾಕ್ಷಿಯಾಗಿ ಕರೆಯುತ್ತದೆ. ಎರಡನೆಯದು ಅದನ್ನೇ ಪರೀಕ್ಷಕನನ್ನಾಗಿ ಕೂರಿಸುತ್ತದೆ. ಒಂದೇ ಮಣ್ಣಿನಿಂದ ಎರಡು ತೀರ್ಪುಗಳು ಹೊರಟಿರುವುದರಿಂದ ಮೊದಲು ಪ್ರಮಾಣವಿಚಾರವನ್ನು ಮಾಡಿಕೊಳ್ಳುವುದು ಆವಶ್ಯಕ.

ನಮ್ಮ ಮೀಮಾಂಸಕರು ಅರ್ಥವಾದವಾಕ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಇತರ ಪ್ರಮಾಣಕ್ಕೆ ವಿರುದ್ಧವಾದುದು ಗುಣವಾದ. ಯೂಪಸ್ತಂಭವನ್ನೇ ಸೂರ್ಯನೆನ್ನುವ ಮಾತು ಇಂತಹುದು. ಇತರ ಪ್ರಮಾಣದಿಂದ ಸಿದ್ಧವಾದುದನ್ನೇ ಹೇಳುವುದು ಅನುವಾದ. ಬೆಂಕಿಯು ಚಳಿಗೆ ಮದ್ದೆಂಬುದು ಇದಕ್ಕೆ ನಿದರ್ಶನ. ವಿರೋಧವೂ ಇಲ್ಲದೆ ಸಮರ್ಥನೆಯೂ ಇಲ್ಲದೆ ಉಳಿಯುವುದು ಭೂತಾರ್ಥವಾದ. ಪರದೇಶದ ಗ್ರಂಥವೆಂದ ಮಾತ್ರಕ್ಕೆ ಈ ತಕ್ಕಡಿಯು ಅದಕ್ಕೆ ಒಗ್ಗದೆಂದು ತಿಳಿಯಬೇಕಾದುದಿಲ್ಲ.

ಮೊದಲು ಅನುವಾದವನ್ನು ನೋಡೋಣ. ಕ್ರಿ. ಪೂ. ೭೦೧ರಲ್ಲಿ ಅಶ್ಶೂರದ ಅರಸ ಸನ್ಹೇರೀಬನು ಯೆಹೂದ ದೇಶದ ಮೇಲೆ ದಂಡೆತ್ತಿ ಬಂದನೆಂದೂ, ಹಿಜ್ಕೀಯ ರಾಜನು ಅವನಿಗೆ ಮುನ್ನೂರು ತಲಾಂತು ಬೆಳ್ಳಿಯನ್ನೂ ಮೂವತ್ತು ತಲಾಂತು ಬಂಗಾರವನ್ನೂ ತೆತ್ತನೆಂದೂ ‘ಅರಸುಗಳು’ ಎಂಬ ಭಾಗವು ಹೇಳುತ್ತದೆ. ಸನ್ಹೇರೀಬನ ಸ್ವಂತ ಶಾಸನದಲ್ಲಿಯೂ ಬಂಗಾರದ ಲೆಕ್ಕ ಮೂವತ್ತೇ. ಬೆಳ್ಳಿ ಮಾತ್ರ ಎಂಟುನೂರು. ಕೋಟೆಗಳುಳ್ಳ ೪೬ ಪಟ್ಟಣಗಳನ್ನು ಹಿಡಿದೆನೆಂದು ಕೊಚ್ಚಿಕೊಳ್ಳುವ ಆ ಅರಸನು ಯೆರೂಸಲೇಮನ್ನು ಹಿಡಿದೆನೆಂದು ಎಲ್ಲಿಯೂ ಹೇಳುವುದಿಲ್ಲ. ಲಾಕೀಷಿನ ಮುತ್ತಿಗೆಯನ್ನು ಕೆತ್ತಿಸಿದ ಅವನ ಅರಮನೆಯ ಶಿಲಾಫಲಕಗಳು ನಿನೆವೆಯಲ್ಲಿ ದೊರೆತಿವೆ. ಲಾಕೀಷಿನಲ್ಲಿ ಅಗೆದಾಗ ಮುತ್ತಿಗೆಯ ದಿಬ್ಬವೂ ಸಿಕ್ಕಿದೆ. ಶತ್ರುಗಳಿಬ್ಬರ ಲೇಖನಗಳೂ ಮಣ್ಣೂ ಒಂದೇ ಕಥೆಯನ್ನು ಹೇಳುವಾಗ ಸಂಶಯಕ್ಕೆ ಎಡೆಯೆಲ್ಲಿ? ಆದರೆ ದೇವದೂತನೊಬ್ಬನು ಒಂದೇ ರಾತ್ರಿಯಲ್ಲಿ ೧,೮೫,೦೦೦ ಮಂದಿ ಅಶ್ಶೂರರನ್ನು ಸಂಹರಿಸಿದನೆಂಬ ಮಾತಿಗೆ ಈ ಸಮರ್ಥನೆಯು ತಗಲುವುದಿಲ್ಲ. ಯುದ್ಧವು ಸಿದ್ಧವಾದ ಮಾತ್ರಕ್ಕೆ ಪವಾಡವೂ ಸಿದ್ಧವಾದಂತೆ ಭಾವಿಸುವುದೇ ಕೆಲ್ಲರನ ಮಾರ್ಗದಲ್ಲಿರುವ ಮುಖ್ಯ ಅಪಾಯ.

ಇದೇ ಎಚ್ಚರಿಕೆಯು ದಾವೀದನ ವಿಷಯದಲ್ಲಿಯೂ ಬೇಕು. ೧೯೯೩ರಲ್ಲಿ ದಾನ್ ಎಂಬ ದಿಬ್ಬದಲ್ಲಿ ದೊರೆತ, ಕ್ರಿ. ಪೂ. ಒಂಬತ್ತನೆಯ ಶತಮಾನದ ಆರಮಾಯಿಕ್ ಶಾಸನದಲ್ಲಿ ‘ದಾವೀದನ ಮನೆ’ ಎಂಬರ್ಥದ ಪದವಿದೆ. ಇದರಿಂದ ಆ ಹೆಸರಿನ ಮೂಲಪುರುಷನುಳ್ಳ ರಾಜವಂಶವೊಂದಿತ್ತೆಂಬುದು ಬಹುಮಟ್ಟಿಗೆ ಸ್ಥಿರವಾಯಿತು. ಗೊಲ್ಯಾತನನ್ನು ಕವಣೆಗಲ್ಲಿನಿಂದ ಕೆಡಹಿದ ಕಥೆಯಾದರೋ ಭೂತಾರ್ಥವಾದವಾಗಿಯೇ ನಿಲ್ಲುತ್ತದೆ.

ಇನ್ನು ವಿರೋಧದ ಮಾತು. ಕಹಳೆಯ ಧ್ವನಿಗೆ ಯೆರಿಕೋ ಪಟ್ಟಣದ ಗೋಡೆ ಕುಸಿದುಬಿತ್ತೆಂಬುದು ಪ್ರಸಿದ್ಧ ಕಥೆ. ೧೯೩೦ರಿಂದ ೧೯೩೬ರವರೆಗೆ ಅಲ್ಲಿ ಅಗೆದ ಜಾನ್ ಗಾರ್‌ಸ್ಟಾಂಗನು ಬಿದ್ದ ಗೋಡೆಯೊಂದನ್ನು ಕಂಡು, ಅದು ಕ್ರಿ. ಪೂ. ೧೪೦೦ರ ಸುಮಾರಿನದು, ಯೆಹೋಶುವನ ಕಾಲದ್ದು ಎಂದು ಸಾರಿದನು. ೧೯೫೨ರಿಂದ ೧೯೫೮ರವರೆಗೆ ಮತ್ತೆ ಅಗೆದ ಕ್ಯಾಥ್ಲೀನ್ ಕೆನ್ಯನ್ ಎಂಬ ವಿದುಷಿಯು ಮಡಕೆಚೂರುಗಳನ್ನೂ ಪದರಗಳನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿ, ಆ ಗೋಡೆಯು ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದೆಂದು ತೋರಿಸಿದಳು. ಯೆಹೋಶುವನ ಕಾಲವೆಂದು ಬಹುಮಂದಿ ಹೇಳುವ ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಕೆಡಹಬೇಕಾದ ಕೋಟೆಯೇ ಇರಲಿಲ್ಲ. ಜಲಪ್ರಳಯದ ವಿಚಾರವೂ ಹೀಗೆಯೇ. ಊರ್ ನಗರದಲ್ಲಿ ಲಿಯೋನಾರ್ಡ್ ವೂಲಿಯು ಕಂಡ ದಪ್ಪನೆಯ ಜೇಡಿಯ ಪದರವು ಕೆಲ್ಲರನ ಗ್ರಂಥದಲ್ಲಿ ದೊಡ್ಡ ಸ್ಥಾನವನ್ನು ಪಡೆದಿದೆ. ಆದರೆ ಸಮೀಪದ ಎರಿಡುವಿನಲ್ಲಿ ಅಂತಹ ಪದರವಿಲ್ಲ. ನೆರೆಯೂರನ್ನು ಮುಳುಗಿಸದ ನೀರು ಲೋಕವನ್ನು ಮುಳುಗಿಸಿತೆಂದು ಹೇಳಲಾದೀತೇ?

ಹೀಗೆಂದು ಎರಡನೆಯ ಗ್ರಂಥಕ್ಕೆ ಕಣ್ಣುಮುಚ್ಚಿ ಜಯಪತ್ರವನ್ನು ಬರೆದುಕೊಡುವುದೂ ಸರಿಯಲ್ಲ. ಕಾಣದಿರುವಿಕೆಯನ್ನು ಪ್ರಮಾಣವಾಗಿ ಒಪ್ಪಿದ ಭಾಟ್ಟರು ಅದಕ್ಕೊಂದು ಕಟ್ಟನ್ನು ಹಾಕಿದ್ದಾರೆ: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ‘ವಿಮೋಚನಕಾಂಡ’ದ ಪ್ರಕಾರ ಐಗುಪ್ತದಿಂದ ಹೊರಟ ಗಂಡಸರೇ ಆರು ಲಕ್ಷ. ಐಗುಪ್ತದ ಶಾಸನಗಳಲ್ಲಿ ಇದರ ಪ್ರಸ್ತಾಪವಿಲ್ಲವೆಂಬುದು ದುರ್ಬಲವಾದ ಹೇತು; ತನ್ನ ಅಪಜಯವನ್ನು ಕಲ್ಲಿನಲ್ಲಿ ಕೆತ್ತಿಸುವ ಅರಸನುಂಟೇ? ನೈಲ್ ನದಿಯ ಮುಖಜಭೂಮಿಯ ತೇವದಲ್ಲಿ ಓಲೆಗಳೂ ಉಳಿಯವು. ಆದರೆ ಅಷ್ಟು ಜನರು ಬಹುಕಾಲ ತಂಗಿದ್ದರೆಂದು ಹೇಳುವ ಕಾದೇಶ್ ಬರ್ನೇಯದಲ್ಲಿ ಆ ಕಾಲದ ಬೀಡಿನ ಕುರುಹು ದೊರೆಯದಿರುವುದು ಪ್ರಬಲವಾದ ಹೇತು. ಅದರಿಂದ ಬೀಳುವುದು ಆರು ಲಕ್ಷದ ಸಂಖ್ಯೆ. ದಾಸ್ಯದಿಂದ ತಪ್ಪಿಸಿಕೊಂಡ ಸಣ್ಣ ಗುಂಪೊಂದರ ಸ್ಮರಣೆಯು ಕಥೆಯ ಬೀಜವಾಗಿರಬಹುದೆಂಬ ಊಹೆಯು ಬೀಳುವುದಿಲ್ಲ. ‘ಇಸ್ರಾಯೇಲ್’ ಎಂಬ ಜನರು ಕ್ರಿ. ಪೂ. ೧೨೦೮ರ ಸುಮಾರಿನಲ್ಲಿ ಕಾನಾನ್ ದೇಶದಲ್ಲಿದ್ದರೆಂಬುದಕ್ಕೆ, ಫ್ಲಿಂಡರ್ಸ್ ಪೆಟ್ರಿಗೆ ೧೮೯೬ರಲ್ಲಿ ಥೀಬ್ಸಿನಲ್ಲಿ ದೊರೆತ ಮೆರ್ನೆಪ್ತನ ಶಾಸನವೇ ಸಾಕ್ಷಿ.

ಫಿಂಕೆಲ್‌ಸ್ಟೈನರ ಮುಖ್ಯ ಸಿದ್ಧಾಂತವು, ಈ ಇತಿಹಾಸಭಾಗದ ಸಾರವು ಕ್ರಿ. ಪೂ. ಏಳನೆಯ ಶತಮಾನದಲ್ಲಿ, ಯೋಷೀಯ ರಾಜನ ಆಸ್ಥಾನದ ಆಶೋತ್ತರಗಳಿಗನುಗುಣವಾಗಿ ರೂಪುಗೊಂಡಿತೆಂಬುದು. ಇದರಲ್ಲಿ ಯುಕ್ತಿಯಿದೆ. ಆದರೆ ಆಗ ಬರೆದುದೆಲ್ಲ ಆಗಲೇ ಕಲ್ಪಿತವಾದುದಲ್ಲ. ಹತ್ತನೆಯ ಶತಮಾನದಲ್ಲಿ ಐಗುಪ್ತದ ಶೀಶಕನು ದಂಡೆತ್ತಿ ಬಂದನೆಂದು ‘ಅರಸುಗಳು’ ಹೇಳುತ್ತದೆ. ಕಾರ್ನಕ್ ದೇವಾಲಯದ ಗೋಡೆಯ ಮೇಲೆ ಶೋಶೆಂಕ್ ರಾಜನು ಆ ದಂಡಯಾತ್ರೆಯ ಊರುಗಳ ಪಟ್ಟಿಯನ್ನು ಕೆತ್ತಿಸಿದ್ದಾನೆ. ಮುನ್ನೂರು ವರ್ಷಗಳ ಹಿಂದಿನ ಪರರಾಜನ ಹೆಸರನ್ನು ಕೇವಲ ಕಲ್ಪನೆಯಿಂದ ಯಾರೂ ಪಡೆಯಲಾರರು. ಹಳೆಯ ದಫ್ತರವೋ ಪರಂಪರೆಯೋ ಇದ್ದಿರಲೇಬೇಕು.

೧೯೪೭ರಿಂದ ಮೃತಸಮುದ್ರದ ಬಳಿಯ ಗುಹೆಗಳಲ್ಲಿ ದೊರೆತ ಸುರುಳಿಗಳನ್ನೂ ಕೆಲವರು ಇಲ್ಲಿ ಸಾಕ್ಷಿಗೆ ಎಳೆತರುವುದುಂಟು. ಅದುವರೆಗೆ ತಿಳಿದಿದ್ದ ಹೀಬ್ರೂ ಪ್ರತಿಗಳಿಗಿಂತ ಅವು ಸುಮಾರು ಸಾವಿರ ವರ್ಷ ಹಳೆಯವು. ಲಿಪಿಕಾರರು ಎಷ್ಟು ಶ್ರದ್ಧೆಯಿಂದ ಪಾಠವನ್ನು ಕಾಪಾಡಿದರೆಂಬುದಕ್ಕೆ ಯೆಶಾಯನ ಸುರುಳಿಯು ಉಜ್ಜ್ವಲ ನಿದರ್ಶನ. ಆದರೆ ಪಾಠಶುದ್ಧಿ ಬೇರೆ, ಅರ್ಥಸತ್ಯತೆ ಬೇರೆ.

ಗ್ರಂಥದ ದೃಷ್ಟಿಯಾದರೂ ಏನು? ಕ್ರಿ. ಪೂ. ೮೫೩ರ ಕರ್ಕರ್ ಯುದ್ಧದಲ್ಲಿ ಅಹಾಬನು ೨,೦೦೦ ರಥಗಳೊಡನೆ ನಿಂತನೆಂದು ಅಶ್ಶೂರದ ಶಾಸನವು ಹೇಳುತ್ತದೆ. ಅಹಾಬನ ವಿಗ್ರಹಾರಾಧನೆಯನ್ನು ವಿಸ್ತಾರವಾಗಿ ಖಂಡಿಸುವ ಧರ್ಮಗ್ರಂಥವು ಆ ಯುದ್ಧದ ಮಾತನ್ನೇ ಎತ್ತುವುದಿಲ್ಲ. ರಾಜರು ದೇವರೊಡನೆ ಮಾಡಿಕೊಂಡ ಒಡಂಬಡಿಕೆಯನ್ನು ಪಾಲಿಸಿದರೋ ಇಲ್ಲವೋ ಎಂಬುದೇ ಅದರ ತಾತ್ಪರ್ಯ. ತಾತ್ಪರ್ಯವಿಲ್ಲದೆಡೆಯಲ್ಲಿ ಪೂರ್ಣತೆಯನ್ನು ಬೇಡುವವನೂ, ಪೂರ್ಣತೆಯಿಲ್ಲವೆಂದು ಹಳಿಯುವವನೂ ವಾಕ್ಯವನ್ನು ತಿಳಿದವರಲ್ಲ.

ಆದ್ದರಿಂದ ಭಕ್ತನು ತನ್ನ ಶ್ರದ್ಧೆಯನ್ನು ಯೆರಿಕೋವಿನ ಇಟ್ಟಿಗೆಗಳ ಮೇಲೆ ಕಟ್ಟದಿರುವುದೇ ಲೇಸು. ಗಾರ್‌ಸ್ಟಾಂಗನು ಕೊಟ್ಟುದನ್ನು ಕೆನ್ಯನಳು ಇಪ್ಪತ್ತೈದು ವರ್ಷ ತುಂಬುವುದರೊಳಗೆ ಕಿತ್ತುಕೊಂಡಳು. ಸಂಶಯವಾದಿಯೂ ಅಷ್ಟೆ, ೧೯೯೩ಕ್ಕೆ ಮೊದಲು ದಾವೀದನೇ ಇರಲಿಲ್ಲವೆಂದವರು ಒಂದು ಕಲ್ಲಿನಿಂದ ಮಾತು ತಗ್ಗಿಸಬೇಕಾಯಿತು. ವಾಕ್ಯವಾಕ್ಯವನ್ನೂ ಬಿಡಿಬಿಡಿಯಾಗಿ ತೂಗಿ, ಸಿದ್ಧವಾದುದನ್ನು ಒಪ್ಪಿ, ವಿರುದ್ಧವಾದುದನ್ನು ಬಿಟ್ಟು, ಉಳಿದುದರಲ್ಲಿ ತೀರ್ಪನ್ನು ತಡೆಹಿಡಿಯುವುದೇ ವಿವೇಕಿಯ ಲಕ್ಷಣ. ಹೀಗೆ ತೂಗಲು ಹೊರಟ ನಮ್ಮ ವಾಚಕರು ಒಂದನ್ನು ಮಾತ್ರ ಮರೆಯಬಾರದು: ಯೆಹೂದ್ಯರ ಗ್ರಂಥಕ್ಕೆ ಹಿಡಿದ ತಕ್ಕಡಿಯನ್ನೇ ನಮ್ಮ ಇತಿಹಾಸಪುರಾಣಗಳಿಗೂ ಹಿಡಿಯಲು ಸಿದ್ಧರಿಲ್ಲದವರಿಗೆ ಅವರ ಗ್ರಂಥವನ್ನು ತೂಗುವ ಅಧಿಕಾರವಿಲ್ಲ.