ಅನ್ವಯದೋಷ

ಛಂದಸ್ಸು ತಪ್ಪಿದ ಪದ್ಯವನ್ನು ಕಿವಿಯೇ ಗುರುತಿಸುತ್ತದೆ. ಅನ್ವಯ ತಪ್ಪಿದ ಓದು ಹಾಗಲ್ಲ. ಪದಗಳೆಲ್ಲ ಸರಿಯಾಗಿಯೇ ಇರುತ್ತವೆ, ಅರ್ಥ ಮಾತ್ರ ಬೇರೆಲ್ಲಿಗೋ ಹೋಗಿರುತ್ತದೆ. ಕಳೆದ ಮಳೆಗಾಲದ ಒಂದು ಸಂಜೆ ಮುಂಡಾಜೆಯ ನಮ್ಮ ಮನೆಯ ಜಗಲಿಯಲ್ಲಿ ನಡೆದ ವಾದವನ್ನು ಕೇಳುತ್ತ ಕುಳಿತಾಗ ನನಗೆ ಈ ಮಾತು ನೆನಪಾಯಿತು. ವಾದದ ವಿಷಯ ಲಿಂಗತ್ವ ಅಲ್ಪಸಂಖ್ಯಾತರ ಮನಸ್ಸಿನ ಆರೋಗ್ಯ. ಶಸ್ತ್ರಚಿಕಿತ್ಸೆಯಾದ ಮೇಲೂ ಇವರಿಗೆ ನೆಮ್ಮದಿಯಿಲ್ಲವೆಂದು ಸ್ವೀಡನ್ನಿನ ಸಂಶೋಧನೆಯಿಂದ ಸಿದ್ಧವಾಗಿದೆ ಎಂದರು ಒಬ್ಬ ಮಿತ್ರರು. ಚಿಕಿತ್ಸೆ ದೊರೆತರೆ ಎಲ್ಲವೂ ಸರಿಹೋಗುತ್ತದೆಂದು ಸಿದ್ಧವಾಗಿದೆ ಎಂದರು ಇನ್ನೊಬ್ಬರು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೆ ಓದುವುದು ನನ್ನ ಕಸುಬು. ಈ ಜಗಳ ಓದಿಗೇ ಸಂಬಂಧಿಸಿದ್ದೆಂದು ತೋರಿದುದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲ ಮಿತ್ರರು ನೆಚ್ಚಿದ ಪ್ರಬಂಧ 2011ರಲ್ಲಿ ಪ್ರಕಟವಾದುದು. 1973ರಿಂದ 2003ರವರೆಗೆ ಸ್ವೀಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 324 ಮಂದಿಯನ್ನು ಅದರಲ್ಲಿ ಸಾಮಾನ್ಯ ಜನರೊಂದಿಗೆ ಹೋಲಿಸಿದ್ದಾರೆ. ಆತ್ಮಹತ್ಯೆಯೂ ಮನೋರೋಗಕ್ಕಾಗಿ ಆಸ್ಪತ್ರೆ ಸೇರುವುದೂ ಇವರಲ್ಲಿ ಹೆಚ್ಚೆಂದು ಕಂಡುಬಂತು. ಅಂಕಿ ನಿಜ, ತೀರ್ಮಾನ? ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಹೊಡೆದ ಮೇಲೂ ಬಯಲುಸೀಮೆಯ ತೋಟಕ್ಕಿಂತ ಇಲ್ಲಿ ಕೊಳೆರೋಗ ಹೆಚ್ಚೇ. ಹಾಗೆಂದು ಮದ್ದೇ ಕೊಳೆ ತಂದಿತೆನ್ನುವ ಕೃಷಿಕರುಂಟೆ? ಹೋಲಿಸಬೇಕಾದದ್ದು ಅದೇ ಮಳೆಯಲ್ಲಿ ನೆನೆದ, ಮದ್ದು ಕಾಣದ, ಬೇಲಿಯಾಚೆಯ ತೋಟದೊಂದಿಗೆ. ಅಂಥ ಹೋಲಿಕೆ ಆ ಪ್ರಬಂಧದಲ್ಲಿಲ್ಲ. ಚಿಕಿತ್ಸೆಯೇ ಕೇಡಿಗೆ ಕಾರಣವೆಂದು ಇದನ್ನು ಓದಬಾರದೆಂದು ಬರೆದವರೇ ಎಚ್ಚರಿಸಿದ್ದಾರೆ.

ಎರಡನೆಯ ಪಕ್ಷವೂ ನಿರ್ದೋಷಿಯಲ್ಲ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳು ಕಳೆದಂತೆ ಮನೋವೈದ್ಯರ ಅಗತ್ಯ ಇಳಿಯುತ್ತದೆಂದು ಸ್ವೀಡನ್ನಿನ ದಾಖಲೆಗಳಿಂದಲೇ 2019ರಲ್ಲಿ ಇನ್ನೊಂದು ಪ್ರಬಂಧ ಬಂತು. ಚಿಕಿತ್ಸೆಯಾದವರನ್ನು ಆಗದವರೊಂದಿಗೆ ಹೋಲಿಸಿದಾಗ ಆ ಲಾಭ ಕಾಣಲಿಲ್ಲವೆಂದು 2020ರಲ್ಲಿ ಅದೇ ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ತೀರ್ಮಾನ ಓಡಿದಷ್ಟು ದೂರ ತಿದ್ದುಪಡಿ ನಡೆಯಲಿಲ್ಲ. 2024ರಲ್ಲಿ ಬ್ರಿಟನ್ನಿನ ಡಾ. ಹಿಲರಿ ಕ್ಯಾಸ್ ಅವರು ಮಕ್ಕಳ ಚಿಕಿತ್ಸೆಯ ವಿಷಯದಲ್ಲಿ ಆಧಾರಗಳು ದುರ್ಬಲವೆಂದು ವರದಿ ಕೊಟ್ಟಾಗ, ಅಪಾಯ ಸಿದ್ಧವಾಯಿತೆಂದು ಕೆಲವರು, ದ್ವೇಷ ಸಿದ್ಧವಾಯಿತೆಂದು ಕೆಲವರು ಓದಿಕೊಂಡರು. ‘ಇನ್ನೂ ಸರಿಯಾಗಿ ಗೊತ್ತಿಲ್ಲ’ ಎಂಬ ಮಾತಿಗೆ ಓದುಗರೇ ದೊರೆಯುವುದಿಲ್ಲ.

ಹಾಗಾದರೆ ನೋವಿನ ಮೂಲ ಎಲ್ಲಿ? ಮೆಕ್ಸಿಕೋ ನಗರದಲ್ಲಿ 250 ಮಂದಿಯನ್ನು ಮಾತನಾಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ದೇಹಕ್ಕೂ ಮನಸ್ಸಿಗೂ ಹೊಂದಿಕೆಯಿಲ್ಲದಿರುವುದಕ್ಕಿಂತ, ಜನರ ತಿರಸ್ಕಾರ ಮತ್ತು ಹಿಂಸೆಗಳೇ ಸಂಕಟದೊಡನೆ ಹೆಚ್ಚು ಬಲವಾಗಿ ಹೆಣೆದುಕೊಂಡಿದ್ದವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರ ಜನವರಿ 1ರಿಂದ ಜಾರಿಯಾದ ಹೊಸ ರೋಗಪಟ್ಟಿಯಲ್ಲಿ ಈ ಸ್ಥಿತಿಯನ್ನು ಮನೋರೋಗಗಳ ಅಧ್ಯಾಯದಿಂದ ಹೊರಗಿಟ್ಟಿದೆ. ಆದರೂ ಹಳೆಯ ದಿನಗಳನ್ನು ನೆನಪಿನಿಂದ ಹೇಳಿಸಿದ ಅಧ್ಯಯನ ಅದು. ಅದರ ಮಿತಿಯನ್ನೂ ಮರೆಯುವಂತಿಲ್ಲ.

ಅಂಕಿಗಳು ಎಷ್ಟು ಜನ ಎಂಬುದನ್ನು ಹೇಳುತ್ತವೆ. ಯಾವುದರ ಹಿಂದೆ ಯಾವುದು ನಡೆಯಿತೆಂಬುದಕ್ಕೆ ಆತ್ಮಕಥನ ಬೇಕು. ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’ ನಮ್ಮ ಭಾಷೆಯಲ್ಲಿ ಅಂಥ ಗ್ರಂಥ. ಅರುಣ್ ಜೋಳದಕೂಡ್ಲಿಗಿ ಅದರ ನಿರೂಪಕರು. ಬಳ್ಳಾರಿ ಸೀಮೆಯ ಹುಡುಗನೊಬ್ಬ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದದ್ದು, ಮನೆಯಿಂದ ಹೊರಬಿದ್ದು ಬೀದಿಯಲ್ಲಿ ಬೇಡಿದ್ದು, ಅತ್ಯಾಚಾರಕ್ಕೆ ಒಳಗಾದದ್ದು, ಸಾಯಲು ಮನಸ್ಸು ಮಾಡಿದ್ದು, ಕೊನೆಗೆ ಕಾಳವ್ವ ಜೋಗತಿಯವರ ಮೇಳದಲ್ಲಿ ಹಾಡು ಕುಣಿತ ಕಲಿತು ನೆಲೆ ಕಂಡದ್ದು ಆ ಬಾಳಿನ ಕಥೆ. ಒಂದು ಬಾಳು ಸಾವಿರ ಬಾಳುಗಳಿಗೆ ಪ್ರಮಾಣವಾಗದು. ಆದರೆ ಅಂಕಿಗೆ ಎಂಥ ಪ್ರಶ್ನೆ ಹಾಕಬೇಕೆಂಬುದನ್ನು ಅದು ಕಲಿಸುತ್ತದೆ.

ಈ ಪಾಠವನ್ನು ನಾನು ತಡವಾಗಿ ಕಲಿತೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ, ಮಂಜಮ್ಮ ಸಾವನ್ನು ಬಯಸಿದ ಪ್ರಸಂಗವನ್ನೇ ಬಿಡಿಸಿಕೊಂಡು, ಇಂಥ ಜೀವಗಳ ಒಳಗಿನ ದ್ವಂದ್ವ ಅವರನ್ನು ಹೀಗೆ ದುಡುಕಿಸುತ್ತದೆ ಎಂದು ಗಂಭೀರವಾಗಿ ವ್ಯಾಖ್ಯಾನ ಮಾಡಿದೆ. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಉಳಿದುಕೊಂಡ. “ಸರ್, ಅದಕ್ಕೆ ಮೊದಲಿನ ಪುಟಗಳನ್ನೂ ಓದಬಹುದಿತ್ತಲ್ಲ?” ಎಂದಷ್ಟೇ ಕೇಳಿ ಹೊರಟುಹೋದ. ಮನೆಗೆ ಬಂದು ಓದಿದೆ. ಮೊದಲಿನ ಪುಟಗಳಲ್ಲಿ ಇದ್ದದ್ದು ಒಳಗಿನ ದ್ವಂದ್ವವಷ್ಟೇ ಅಲ್ಲ. ಮನೆ ಇತ್ತು, ಊರು ಇತ್ತು, ನಮ್ಮಂಥವರಿದ್ದರು. ಆ ಹುಡುಗ ತನ್ನ ವಿಷಯ ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಆ ವ್ಯಾಖ್ಯಾನವನ್ನು ಅವನು ಯಾವ ಮನಸ್ಸಿನಿಂದ ಕೇಳಿಸಿಕೊಂಡನೋ ಎಂಬ ಯೋಚನೆ ಮಾತ್ರ ಇಂದಿಗೂ ಬಿಟ್ಟಿಲ್ಲ.

2021ರಲ್ಲಿ ಪದ್ಮಶ್ರೀ ಪಡೆಯುವಾಗ ಮಂಜಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನಾವೆಲ್ಲ ನೋಡಿ ಚಪ್ಪಾಳೆ ತಟ್ಟಿದೆವು. ಕೊನೆಯ ಪುಟಕ್ಕೆ ಚಪ್ಪಾಳೆ ತಟ್ಟುವುದು ಸುಲಭ, ನಡುವಣ ಪುಟಕ್ಕೆ ಮರುಗುವುದೂ ಸುಲಭ. ಮುಂದಿನ ಸಲ ಜಗಲಿಯಲ್ಲಿ ಯಾರಾದರೂ ಅಂಕಿಯೊಂದನ್ನು ಹಿಡಿದು ‘ಸಿದ್ಧವಾಗಿದೆ’ ಎಂದರೆ, ಯಾರನ್ನು ಯಾರೊಂದಿಗೆ ಹೋಲಿಸಿದ್ದಾರೆ, ಮೊದಲಿನ ಪುಟಗಳಲ್ಲಿ ಏನಿದೆ ಎಂದು ಕೇಳೋಣ. ಆ ಹುಡುಗ ನನ್ನನ್ನು ಕೇಳಿದ್ದೂ ಅಷ್ಟನ್ನೇ.