ಬೆಳಗೋದು ಬ್ಯಾಡ್ಜು, ನೋಡೋರು ಬೇರೆ

ಕೋಪನ್‌ಹೇಗನ್ನಿನ ಡಿಫ್ಯೂಸ್ ಸ್ಟುಡಿಯೋದವರು 2009ರಲ್ಲಿ ‘ಕ್ಲೈಮೇಟ್ ಡ್ರೆಸ್’ ಅಂತ ಒಂದು ಉಡುಪು ಮಾಡಿದ್ರು. ಕಸೂತಿಯೊಳಗೇ ನೂರಾರು ಪುಟ್ಟ ಎಲ್‌ಇಡಿ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಅಳೆಯುವ ಸೆನ್ಸರ್. ಗಾಳಿಯಲ್ಲಿ ಆ ಅನಿಲ ಹೆಚ್ಚುಕಮ್ಮಿ ಆದಂತೆ ದೀಪಗಳ ಮಿಣುಕು ಬದಲಾಗುತ್ತೆ. ಚೆಂದ ಇದೆ. ಆದರೆ ತೊಟ್ಟವಳು ಆ ಮಿಣುಕು ನೋಡಿ ಏನು ಮಾಡಬೇಕು? ಕಿಟಕಿ ತೆಗೀಬಹುದು, ಅಷ್ಟೇ.

ಕಾಣದ್ದನ್ನು ಕಾಣಿಸುವ ತೊಡುಗೆ ನಮ್ಮ ಕಡೆಯೂ ಬಹಳ ವರ್ಷದಿಂದ ಇದೆ. ಯಾರೂ ಅದನ್ನ ಡಿಸೈನ್ ಅಂತ ಕರೆದಿಲ್ಲ. ಮೆಹಕರದಿಂದ ಭಾಲ್ಕಿಗೋ ಬೀದರಿಗೋ ಎಕ್ಸ್‌ರೇ ತೆಗೆಸಲು ಹೋದಾಗ ಟೆಕ್ನಿಷಿಯನ್ ಅಂಗಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಬಿಲ್ಲೆ ಗಮನಿಸಿ. ಅದೇ ಟಿಎಲ್‌ಡಿ ಬ್ಯಾಡ್ಜು, ಬಾಬಾ ಅಣು ಸಂಶೋಧನಾ ಕೇಂದ್ರ ರೂಪಿಸಿದ್ದು. ಒಳಗಿನ ಕಾರ್ಡಿನಲ್ಲಿ ಮೂರು ಪುಟ್ಟ ಡಿಸ್ಕು, ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನ್ ಜೊತೆ ಸೇರಿಸಿ ಮಾಡಿದವು. ಒಂದರ ಮುಂದೆ ಲೋಹದ ಫಿಲ್ಟರು, ಒಂದರ ಮುಂದೆ ಪ್ಲಾಸ್ಟಿಕ್, ಇನ್ನೊಂದು ಬಯಲು. ಹೀಗಾಗಿ ಬಿದ್ದದ್ದು ಎಂಥ ವಿಕಿರಣ ಅನ್ನೋ ಅಂದಾಜೂ ಸಿಗುತ್ತೆ. ತಿಂಗಳುಗಟ್ಟಲೆ ಹೀರಿದ್ದನ್ನ ಹಾಗೇ ಇಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಬಿಟ್ಟುಕೊಡುತ್ತೆ. ಬೆಳಕು ಹೆಚ್ಚಾದಷ್ಟೂ ಡೋಸು ಹೆಚ್ಚು. ಬ್ಯಾಟರಿ ಬೇಡ, ಆ್ಯಪ್ ಬೇಡ. ನನ್ನ ಕೈಯ ಸ್ಮಾರ್ಟ್‌ವಾಚು ಇದರ ಮುಂದೆ ಬರೀ ಬಾಯಿಬಡುಕ.

ಕೊರತೆ ಬೇರೆ ಕಡೆ ಇದೆ. ಆ ಬೆಳಕು ಹೊಳೆಯೋದು ಲ್ಯಾಬಿನ ಯಂತ್ರದೊಳಗೆ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ತೊಟ್ಟವರಿಗೆ ಉಳಿಯೋದು ಕಾಗದದ ಮೇಲಿನ ಒಂದು ಅಂಕಿ, ಅದೂ ಯಾರಾದ್ರೂ ತೋರಿಸಿದ್ರೆ. ಎಕ್ಸ್‌ರೇ ರೂಮಿನಲ್ಲಿ ಕೆಲಸ ಮಾಡೋ ನಮ್ಮ ಕಾಕಾ ಒಮ್ಮೆ ಅಂದಿದ್ರು: “ಇದು ನನ್ನ ಎದಿ ಮ್ಯಾಲೇ ಇರ್ತದ, ಖರೆ ನನಗೇನೂ ಹೇಳಲ್ಲ ನೋಡು.” ಇದಕ್ಕಿಂತ ಖಡಕ್ ಡಿಸೈನ್ ವಿಮರ್ಶೆ ನಾನು ಓದಿಲ್ಲ.

ವಿಕಿರಣದ ಜೊತೆ ಕೆಲಸ ಮಾಡೋರಿಗೆ ನಮ್ಮ ದೇಶದಲ್ಲಿ ಯಾವುದೇ ಒಂದು ವರ್ಷದ ಮಿತಿ 30 ಮಿಲಿಸೀವರ್ಟ್, ಐದು ವರ್ಷದ ಸರಾಸರಿ 20. ಅಂಕಿ ಏರಿದ್ದು ತಿಂಗಳುಗಳ ನಂತರ ಗೊತ್ತಾದ್ರೆ, ಯಾವ ದಿನ, ಯಾವ ಅಳೋ ಮಗುವನ್ನ ಹಿಡಿದು ನಿಂತಾಗ ಅಂತ ಹುಡುಕೋದು ಹೇಗೆ? ಕೈಗಾದಂಥ ಅಣುಸ್ಥಾವರದಲ್ಲಿ ಟಿಎಲ್‌ಡಿ ಜೊತೆಗೆ ಅಲ್ಲೇ ಓದಿಕೊಳ್ಳಬಹುದಾದ ಡೋಸಿಮೀಟರೂ ಕೊಡ್ತಾರೆ. ಅಂದ್ರೆ ತಂತ್ರಜ್ಞಾನ ಇಲ್ಲ ಅಂತಲ್ಲ.

ಹಾಗಂತ ಬ್ಯಾಡ್ಜಿಗೆ ಕೆಂಪು ಲೈಟು ಹಾಕಿ ಅಂತ ನಾನು ಹೇಳಲ್ಲ. ರೋಗಿಗಳು ಗಾಬರಿ ಬೀಳ್ತಾರೆ. ಲೈಟು ಹತ್ತೀತು ಅಂತ ಬ್ಯಾಡ್ಜನ್ನ ಡ್ರಾವರಿನಲ್ಲೇ ಬಿಟ್ಟು ಬರೋರೂ ಇರ್ತಾರೆ. ತೊಟ್ಟವರು ಬಗ್ಗಿ ನೋಡಿದ್ರೆ ಮಾತ್ರ ಕಾಣೋ ಒಂದು ಗುರುತು ಸಾಕು, ಡ್ಯೂಟಿ ಮುಗಿದಾಗ ಒಂದು ಸಲ. ಬೆಂಗಳೂರಿನ ಡಿಸೈನ್ ಹುಡುಗರಿಗೆ ಪ್ರಾಜೆಕ್ಟ್ ಬೇಕಿದ್ರೆ ಭಾಲ್ಕಿ ಬಸ್ಸು ಹತ್ತಲಿ.